ಏನು ಬೇಕು ಅಂತ ಬಿಡಿಸಿ ಹೇಳಿ ಸಾರ್

ಏನು ಬೇಕು ಅಂತ ಜನರನ್ನ ಕೇಳುವುದೇ ಹೊಟ್ಟೆಪಾಡಾದರೆ ನಗುವುದಕ್ಕೆ ಬರವಿರುವುದಿಲ್ಲ. ನಾಗಸಂದ್ರ ಮೆಟ್ರೋ ಹತ್ತಿರದ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಅದೇ ಕೆಲಸ. ಸಾಫ್ಟ್‌ವೇರ್ ಬೇಕು ಅಂದವರ ಹತ್ತಿರ ಹೋಗಿ, ಅದು ಏನೇನು ಮಾಡಬೇಕು ಅಂತ ಕೇಳಿಕೊಂಡು ಬಂದು, ಪ್ರೋಗ್ರಾಂ ಬರೆಯುವವರಿಗೆ ಹೇಳಬೇಕು. ಆಫೀಸಿನಲ್ಲಿ ಇದಕ್ಕೆ ‘ರಿಕ್ವೈರ್‌ಮೆಂಟ್ ತಗೊಳ್ಳೋದು’ ಅಂತಾರೆ. ನಮ್ಮಮ್ಮ ಮಾತ್ರ, “ಅವಳಾ? ಕಂಡೋರ ಫ್ಯಾಕ್ಟರೀಲಿ ಟೀ ಕುಡ್ಕೊಂಡು ಬರ್ತಾಳೆ” ಅಂತಾರೆ.

ಯಾವುದು ಮೊದಲು?

ಪೀಣ್ಯದಲ್ಲಿ ನಟ್ಟು ಬೋಲ್ಟು ಮಾಡುವ ಯಜಮಾನರೊಬ್ಬರಿಗೆ ಎಲ್ಲವೂ ಬೇಕಿತ್ತು.

“ಎಲ್ಲಾ ಒಂದೇ ಸಲ ಆಗಲ್ಲ ಸಾರ್. ಈಗಲೇ ಬೇಕಾದ್ದು ಯಾವುದು, ಆಮೇಲಾದ್ರೂ ನಡೆಯುತ್ತೆ ಅನ್ನೋದು ಯಾವುದು, ಬೇರೆ ಮಾಡಿ ಹೇಳಿ” ಅಂದೆ.

“ಅದಕ್ಕೇನಂತೆ” ಅಂದವರು ಒಂದೊಂದಾಗಿ ಎಲ್ಲವನ್ನೂ ‘ಈಗಲೇ’ಗೆ ಸೇರಿಸಿಬಿಟ್ಟರು.

“ಆಮೇಲೆ ಆದ್ರೂ ನಡೆಯೋದು ಒಂದೂ ಇಲ್ವಾ ಸಾರ್?”

ಗಲ್ಲ ಕೆರೆದುಕೊಂಡು ಯೋಚಿಸಿದರು. “ಇದೆಯಲ್ಲಮ್ಮ, ಈ ಮೀಟಿಂಗು!”

ಬೇಗ ಅಂದರೆ

ಎಲೆಕ್ಟ್ರಾನಿಕ್ ಸಿಟಿಯ ಒಂದು ಗೋದಾಮಿನ ಮ್ಯಾನೇಜರು, “ಬಟನ್ ಒತ್ತಿದ್ರೆ ರಿಪೋರ್ಟ್ ಬೇಗ ಬರ್ಬೇಕು” ಅಂದರು.

“ಬೇಗ ಅಂದ್ರೆ ಎಷ್ಟು ಬೇಗ ಸಾರ್? ಅಳೆಯೋಕೆ ಬರೋ ಹಾಗೆ ಹೇಳಿ.”

“ನಾನು ಒಂದು ಟೀ ಕುಡಿಯೋದರೊಳಗೆ.”

ಅವತ್ತು ಅವರು ಪೇಪರ್ ಓದುತ್ತಾ, ಊದಿ ಊದಿ, ಟೀ ತಣ್ಣಗಾಗುವವರೆಗೂ ಕುಡಿದದ್ದನ್ನ ಕಣ್ಣಾರೆ ನೋಡಿದ್ದೆ. ಧಾರಾಳವಾಗಿ ಒಪ್ಪಿಕೊಂಡೆ. ಸಾಫ್ಟ್‌ವೇರ್ ತೋರಿಸುವ ದಿನ ನಾವೇ ಹೊಗೆಯಾಡುವ ಟೀ ತರಿಸಿಟ್ಟೆವು. ಮನುಷ್ಯ ಬಟನ್ ಒತ್ತಿದವರೇ ಔಷಧಿ ಕುಡಿದ ಹಾಗೆ ಒಂದೇ ಗುಟುಕಿಗೆ ಎತ್ತಿಬಿಟ್ಟರು! ಕಣ್ಣಲ್ಲಿ ನೀರು, ಮುಖವೆಲ್ಲ ಕೆಂಪು. ಆದರೂ ಬಿಡಲಿಲ್ಲ, ಸುಟ್ಟ ನಾಲಿಗೆಯಲ್ಲೇ ಕೇಳಿದರು:

“ಎಲ್ಲಮ್ಮ ಲಿಪೋಲ್ಟು?”

ದೂರು ಕಮ್ಮಿ ಆಗ್ಬೇಕು

ಹೆಬ್ಬಗೋಡಿಯಲ್ಲಿ ಹುಡುಗಿಯರ ಪೀಜಿ ನಡೆಸುವ ಆಂಟಿ ಅದೇ ಊರಿನ ಹಳೇ ಮನೆತನದವರು. “ದಿನಾ ಹುಡ್ಗೀರು ಅಡಿಗೆಮನೆ ಬಾಗ್ಲಿಗೆ ಬಂದು ನಿಂತ್ಕತಾರೆ ಕಣಮ್ಮ. ದೂರು ಕಮ್ಮಿ ಆಗ್ಬೇಕು, ಅಂಗೊಂದು ಆಪ್ ಮಾಡ್ಕೊಡಿ” ಅಂದರು. ನಾನು ಅದನ್ನೇ ಹೋಗಿ ಹೇಳಿದೆ. ನಮ್ಮ ಪ್ರೋಗ್ರಾಮರ್ ಮಹಾಶಯ ಮಾತನ್ನ ಅಕ್ಷರಶಃ ಪಾಲಿಸಿದ. ಸಾರಿಗೆ ಉಪ್ಪು ಜಾಸ್ತಿ ಅಂತ ಹೇಳಬೇಕಾದರೆ ಹೆಸರು, ರೂಮು, ಊರು, ರಕ್ತದ ಗುಂಪು ಎಲ್ಲಾ ತುಂಬಬೇಕು. ಸಾರಿನ ಫೋಟೋ ಬೇರೆ ಹಾಕಬೇಕು. ಹುಡುಗಿಯರು ಸುಸ್ತಾಗಿ ದೂರುವುದನ್ನೇ ಬಿಟ್ಟರು.

ವಿಷಯ ಗೊತ್ತಾಗಿ, “ಆಂಟಿ, ಅದನ್ನ ಸರಿಮಾಡ್ಕೊಡ್ತೀವಿ” ಅಂತ ಓಡಿದೆ.

“ಏನೂ ಮುಟ್ಬೇಡಿ!” ಅಂತ ತಡೆದರು ಆಂಟಿ. “ಒಬ್ರೂ ಉಸ್ರೆತ್ತಿಲ್ಲ. ನನ್ನ ಕೈರುಚಿ ಇಷ್ಟು ಚೆನ್ನಾಗೈತೆ ಅಂತ ನಂಗೇ ಗೊತ್ತಿರ್ಲಿಲ್ಲ!”

ಅಣ್ಣ ಯಾರು, ತಮ್ಮ ಯಾರು

ಪೀಣ್ಯದ ಇನ್ನೊಂದು ಫ್ಯಾಕ್ಟರಿಗೆ ಮುಖ ನೋಡಿ ಹಾಜರಿ ಹಾಕುವ ಮಷೀನು ಮಾಡಿಕೊಟ್ಟೆವು. ಎಲ್ಲಾ ಕೇಳಿದ್ದೆ, ಇಲ್ಲಿ ಅವಳಿ ಜವಳಿ ಯಾರಾದರೂ ಇದ್ದಾರಾ ಅಂತ ಯಾರು ಕೇಳುತ್ತಾರೆ? ಇದ್ದರು. ಗದಗದ ಕಡೆಯ ಅಣ್ಣತಮ್ಮಂದಿರು, ಒಂದೇ ಅಚ್ಚು. ಮಷೀನು ಇಬ್ಬರನ್ನೂ ತಮ್ಮ ಅಂತಲೇ ಬರೆದುಕೊಂಡು, ಬೆವರು ಸುರಿಸಿ ದುಡಿದ ಅಣ್ಣನಿಗೆ ಗೈರುಹಾಜರಿ ಹಾಕುತ್ತಿತ್ತು.

“ಮೇಡಂ, ನಾ ಇಲ್ಲೇ ನಿಂತೀನ್ರಿ. ಮಷೀನ್ ನೋಡಿದ್ರ ನಾ ಬಂದೇ ಇಲ್ಲ ಅಂತೈತ್ರಿ” ಅಂತ ಅಣ್ಣ ಗೋಳಾಡಿದ.

ಯಜಮಾನರು ಉಪಾಯ ಹೇಳಿದರು: “ಅಣ್ಣ ಮೀಸೆ ಬಿಡ್ಲಿ.”

ಪಾಪ, ಬಿಟ್ಟ. ಮಷೀನಿಗೂ ಗುರುತು ಸಿಕ್ಕಿತು. ನೆಮ್ಮದಿಯಾಗಿದ್ದೆ, ಒಂದು ದಿನ ಅಣ್ಣನ ಫೋನು.

“ಮೇಡಂ, ಲಗ್ನ ಗೊತ್ತಾಗೈತ್ರಿ. ಹುಡುಗಿಗೆ ಮೀಸಿ ಬ್ಯಾಡಂತ್ರಿ. ಸಾಫ್ಟ್‌ವೇರ್ ಬದಲ್ ಮಾಡಾಕ ಬರ್ತೈತೇನ್ರಿ?”

ಗಿರಾಕಿಗಳು ಮಾತು ಬದಲಾಯಿಸುವುದು ನನಗೇನೂ ಹೊಸದಲ್ಲ. ಹೆಣ್ಣಿನ ಕಡೆಯವರಿಂದ ಬದಲಾವಣೆ ಬಂದದ್ದು ಅದೇ ಮೊದಲು. ಕೊನೆಗೆ ಇಬ್ಬರಿಗೂ ಮುಖದ ಬದಲು ಕಾರ್ಡು ಕೊಟ್ಟು ಪಾರಾದೆವು.

ಮದುವೆಯಾದ ಮೇಲೆ ಫ್ಯಾಕ್ಟರಿಯ ಆಯುಧಪೂಜೆಗೆ ಅಣ್ಣ ಹೆಂಡತಿಯನ್ನೂ ಕರೆದುಕೊಂಡು ಬಂದ. ನನ್ನನ್ನೂ ಕರೆದಿದ್ದರು. ಅಣ್ಣತಮ್ಮಂದಿರು ನುಣ್ಣಗೆ ಮೀಸೆ ಬೋಳಿಸಿಕೊಂಡು, ಒಂದೇ ಬಣ್ಣದ ಅಂಗಿ ತೊಟ್ಟು, ನಮಗೆ ಬೆನ್ನು ಹಾಕಿ ಲೇತ್ ಮಷೀನಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದರು. ಯಜಮಾನರು ತಡೆಯಲಾರದೆ ಕೇಳಿಯೇಬಿಟ್ಟರು: “ಅಲ್ಲಮ್ಮ, ಅಷ್ಟು ದೊಡ್ಡ ಮಷೀನಿಗೇ ಗೊತ್ತಾಗ್ಲಿಲ್ಲ. ನೀನು ಹೇಗೆ ಗುರುತು ಹಿಡೀತೀಯ?”

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. “ಸಸಾರ ಐತ್ರಿ ಸರ. ‘ಏನ್ರೀ’ ಅಂತ ಕರೀತೀನಿ. ಹೊಳ್ಳಿ ನೋಡಿದಾವ ಮೈದುನ. ಕೇಳಿದ್ರೂ ಕೇಳದವರಂಗ ನಿಂತವ್ರು ನಮ್ಮವ್ರು.”