ಪೆನ್ ಡ್ರೈವಿನ ಯಾವ ಮಗ್ಗಲು ಮೇಲೆ?

ನೋಡಿ, ಮತ್ತೆ ಕರೆದರು. ಒಂದು ಸಾಲು ಬರೆಯೋಣ ಎಂದು ಕೂತರೆ ಒಳಗಿನಿಂದ ಅತ್ತೆ, ಹೊರಗಿನಿಂದ ಗಿರಾಕಿ, ನಡುವೆ ಮಗಳು. ಅದರಲ್ಲೂ ನಾನು ಮೇಜಿನ ಕೆಳಗೆ ತೂರಿ, ಕಂಪ್ಯೂಟರಿನ ಬೆನ್ನ ಹಿಂದೆ ಕೈ ಹಾಕಿ, ವೈರು ಇನ್ನೇನು ತೂತಿನೊಳಗೆ ಕೂತಿತು ಅನ್ನುವ ಹೊತ್ತಿಗೇ ಕರೆಯುತ್ತಾರೆ. ಇವರೆಲ್ಲ ಮೊದಲೇ ಮಾತಾಡಿಕೊಂಡಿದ್ದಾರೆಂದು ನನಗೆ ಬಹಳ ದಿನದ ಸಂಶಯ. ತಲೆ ಎತ್ತಿದರೆ ಮೇಜಿಗೆ ಬಡಿಯುತ್ತದೆ, ಕೈ ಬಿಟ್ಟರೆ ವೈರು ಬೀಳುತ್ತದೆ. ಏನಾಯಿತೋ ಎಂದು ಓಡಿ ಹೋದರೆ, "ಏನಿಲ್ಲಬೇ, ಎಲ್ಲಿ ಅದೀ ಅಂತ ನೋಡಿದ್ನಿ" ಅನ್ನುತ್ತಾರೆ.

ನಮ್ಮದು ಬನಹಟ್ಟಿ. ಓಣಿ ತುಂಬ ಮಗ್ಗದ ಸಪ್ಪಳ. ನಾನು ಸೀರೆಯ ಅಂಚು, ಸೆರಗಿನ ಡಿಸೈನ್ ಬರೆಯುತ್ತೇನೆ. ಹತ್ತನೆಯ ಇಯತ್ತೆಗೆ ಸಾಲೆ ಬಿಟ್ಟ ಮೇಲೆ ಚೌಕಳಿ ಹಾಳೆಯ ಮೇಲೆ ಬರೆಯುತ್ತಿದ್ದೆ, ಆಮೇಲೆ ಮನೆಗೆ ಕಂಪ್ಯೂಟರ್ ಬಂತು. ಅದರಲ್ಲಿ ಹೂವು ಬಳ್ಳಿ ಬರೆಯುವುದನ್ನು ಬೇಗ ಕಲಿತೆ. ವೈರು ಚುಚ್ಚುವುದನ್ನು ಮಾತ್ರ ಇನ್ನೂ ಕಲಿಯುತ್ತಲೇ ಇದ್ದೇನೆ. ಇಂಥ ಪ್ರಸಂಗ ನಮ್ಮ ಮನೆಯಲ್ಲಿ ನಿಲ್ಲುವುದೇ ಇಲ್ಲ.

ದುಂಡನೆಯ ಬಾಯಿ

ಮೊದಲ ಕಂಪ್ಯೂಟರ್ ಜಮಖಂಡಿಯಿಂದ ಬಂದದ್ದು, ಯಾರೋ ಬಳಸಿ ಬಿಟ್ಟಿದ್ದು. ಅದರ ಮೌಸಿನ ವೈರಿಗೆ ದುಂಡನೆಯ ಬಾಯಿ, ಒಳಗೆ ಸೂಜಿಯಂಥ ಸಣ್ಣ ಸಣ್ಣ ಕಡ್ಡಿ. ಜೋಡಿಸಬೇಕಾದವನು ಮರುದಿನ ಬರುತ್ತೇನೆಂದ. ನಮ್ಮ ಮನೆಯವರಿಗೆ ಅಷ್ಟು ತಾಳ್ಮೆ ಎಲ್ಲಿ?

"ದುಂಡಗೈತಿ, ಹೆಂಗ ಹಾಕಿದ್ರೂ ನಡೀತೈತಿ. ಬೋರಿನ ಪೈಪ್ ಇದ್ದಂಗ" ಎಂದು ಒಳಗಿಟ್ಟು ತಿರುವಿದರು. ಹೋಗಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ತಿರುವಿದರು. ಏನೋ 'ಕಟ್' ಅಂದಿತು.

"ಕೂತಿತು" ಎಂದರು.

ಕೂತದ್ದಲ್ಲ, ಕಡ್ಡಿ ಮಲಗಿತ್ತು. "ಮುರುಕ ಮಾಲ ಕೊಟ್ಟಾರ, ನನಗ ಅವತ್ತ ಸಂಶೇ ಬಂದಿತ್ತು" ಎಂದು ಬೈಯುತ್ತ ಜಮಖಂಡಿಯ ಅಂಗಡಿಗೆ ಹೋದರು. ಕೂಸನ್ನು ಎತ್ತಿಕೊಂಡು ನಾನೂ ಹೋದೆ. ಅಂಗಡಿಯವನು ಬರೆದು ಮುಗಿದ ಪೆನ್ನಿನ ಕಡ್ಡಿಯನ್ನು ಆ ಸೂಜಿಗೆ ಸಿಕ್ಕಿಸಿ ನೆಟ್ಟಗೆ ಮಾಡುತ್ತ, "ಯಾರ ಹಾಕಿದ್ರಿ ಇದನ್ನ?" ಎಂದು ಕೇಳಿದ.

"ಮನ್ಯಾಗ ಸಣ್ಣ ಹುಡುಗಿ ಅದಾಳ್ರಿ. ಒಂದೂ ಬಿಡಂಗಿಲ್ಲ" ಎಂದರು ನಮ್ಮವರು.

ಅವನು ಒಮ್ಮೆ ಇವರ ತೋಳು ನೋಡಿದ, ಒಮ್ಮೆ ನನ್ನ ತೊಡೆಯ ಮೇಲೆ ನೋಡಿದ. ಇನ್ನೂ ತಾನಾಗಿ ಮಗ್ಗಲು ಹೊರಳಲು ಬಾರದ ಕೂಸು, ವೈರನ್ನು ಉಲ್ಟಾ ಹಾಕಿದ ಅಪವಾದ ಹೊತ್ತು, ಬಾಯಿ ತೆರೆದು ಮಲಗಿತ್ತು.

ಕೆಂಪು ಕಾಣೆಯಾದದ್ದು

ಒಂದು ದಿನ ಪರದೆಯಲ್ಲಿ ಕೆಂಪು ಬಣ್ಣವೇ ಇಲ್ಲ. ಕೆಂಪು ಅಂಚು ಬರೆದರೆ ಕರ್ರಗೆ ಕಾಣುತ್ತಿತ್ತು. ಬಿಳಿಯ ಮೈ ಹಸಿರು ನೀಲಿಯಾಗಿ, ನೀರಲ್ಲಿ ಬಿದ್ದಂತಿತ್ತು. "ರೀ, ಪರದೆ ಕೆಟ್ಟೇತಿ ನೋಡ್ರಿ" ಎಂದು ಕರೆದೆ.

ಹೊಸ ಪರದೆ ಕೊಡಿಸಿಕೊಳ್ಳಲು ನಾನು ಹೂಡಿದ ಆಟವೆಂದು ಅವರ ಸಂಶಯ. ಬಂದು, ಕಣ್ಣು ಕಿರಿದು ಮಾಡಿ ನೋಡಿ, "ನನಗೇನ ಕೆಂಪ ಕೆಂಪಗ ಕಾಣಾಕತ್ತೈತಿ. ನಿನ್ನ ಕಣ್ಣ ತೋರಸೂಣು ನಡಿ" ಎಂದರು. ಖರೆ ಹೇಳುತ್ತಿದ್ದಾರೋ ಸುಳ್ಳೋ ಎಂದು ಅವರ ಮುಖ ನೋಡಿದೆ. ಮುಖದ ಮೇಲೆ ಏನೂ ಬರೆದಿರಲಿಲ್ಲ. ಮುಧೋಳಕ್ಕೆ ಹೋದೆವು. ಚಸ್ಮಾ ಅಂಗಡಿಗೆ ಬಂದವರನ್ನು ಬರಿಗೈಯಲ್ಲಿ ಯಾರು ಕಳಿಸುತ್ತಾರೆ? ಚಸ್ಮಾ ಹಾಕಿಕೊಂಡು ಬಂದು ಕೂತೆ. ಅಂಚು ಈಗ ದೊಡ್ಡದಾಗಿ ಕರ್ರಗೆ ಕಂಡಿತು.

ಮರುದಿನ ಮುಂಜಾನೆ ಅತ್ತೆ ಕಸ ಗುಡಿಸುವಾಗ ಕಸಬರಿಗೆ ಮೇಜಿನ ಹಿಂದಿನ ವೈರಿಗೆ ಬಡಿಯಿತು. ಪರದೆ ಒಮ್ಮೆ ಕಣ್ಣು ಮಿಟುಕಿಸಿತು, ಅಂಚು ಕೆಂಪಗಾಯಿತು. ವೈರು ಅರ್ಧ ಸಡಿಲಾಗಿ ಜೋತುಬಿದ್ದಿತ್ತು, ಅಷ್ಟೇ. ನಾನು ಕೂಗಿದ್ದಕ್ಕೆ ಹಲ್ಲುಜ್ಜುತ್ತ ಓಡಿ ಬಂದ ನಮ್ಮವರು ಪರದೆ ನೋಡಿದರು, ನನ್ನ ಮೂಗಿನ ಮೇಲಿನ ಚಸ್ಮಾ ನೋಡಿದರು.

"ನೋಡಿದ್ಯಾ? ಚಸ್ಮಾ ಕೂಡಾಕ ಒಂದ ದಿನಾ ಹಿಡೀತೈತಿ ಅಂತ ಅಂಗಡ್ಯಾವ ಹೇಳಿದ್ದ."

ಕೈ ಬಿಡದ ಸಾವಕಾರರು

ನಮ್ಮ ದೊಡ್ಡ ಗಿರಾಕಿ ಒಬ್ಬರು ಮಗ್ಗದ ಮಾಲಕರು. ಸಾವಕಾರ್ ಅಂತಲೇ ಎಲ್ಲರೂ ಕರೆಯುವುದು. ನಾನು ಬರೆದ ಡಿಸೈನನ್ನು ಪೆನ್ ಡ್ರೈವಿಗೆ ತುಂಬಿ ಕೊಟ್ಟರೆ ಅವರ ಮಗ್ಗದ ಮೇಲಿನ ಯಂತ್ರ ಅದನ್ನು ಓದಿ ನೇಯುತ್ತದೆ. ಅವರಿಗೆ ತಮ್ಮ ನೆರಳಿನ ಮೇಲೂ ಸಂಶಯ. ಪೆನ್ ಡ್ರೈವ್ ನನ್ನ ಕೈಗೆ ಕೊಡುವುದಿಲ್ಲ, ತಾವೇ ಚುಚ್ಚುತ್ತಾರೆ.

ಒಂದು ಮಗ್ಗಲು ಹಿಡಿದು ಒತ್ತಿದರು, ಹೋಗಲಿಲ್ಲ. ತಿರುವಿ ಒತ್ತಿದರು, ಹೋಗಲಿಲ್ಲ. ಮತ್ತೆ ತಿರುವಿದರು, ಹೋಯಿತು.

"ತಂಗಿ, ಇದು ಮೊದಲಿನ ಮಗ್ಗಲಲ್ಲೇನು?"

"ಹೌದ್ರಿ."

"ಆಗ ಯಾಕ ಹೋಗಲಿಲ್ಲ?"

ನಾನೇನು ಹೇಳಲಿ? ನನಗೂ ದಿನಾ ಹಾಗೇ ಆಗುತ್ತದೆ. ಡಿಸೈನ್ ತುಂಬುವವರೆಗೆ ಸಾವಕಾರರು ಪೆನ್ ಡ್ರೈವಿನ ಬಾಲ ಹಿಡಿದೇ ಕೂತಿದ್ದರು, ಸಂತೆಯಲ್ಲಿ ಎಮ್ಮೆಯ ಹಗ್ಗ ಹಿಡಿದು ಕೂತಂತೆ. ಚಹಾ ಕೊಟ್ಟರೆ ಎಡಗೈಯಲ್ಲಿ ಕುಡಿದರು. ಮುಗಿದ ಮೇಲೆ ಹಿರಿದುಕೊಂಡು, ಬಗ್ಗಿ, ಒಂದು ಕಣ್ಣು ಮುಚ್ಚಿ ಆ ತೂತಿನೊಳಗೆ ನೋಡಿದರು.

"ಏನ್ ನೋಡ್ತೀರಿ ಸಾವಕಾರ್ರ?"

"ಒಳಗ ಏನರ ಉಳದೈತೇನಂತ."

ಕಳುವಾದ ಅಂಚು

ಇದು ನಗುವ ಮಾತಾಗಿ ಉಳಿಯಲಿಲ್ಲ. ಆ ವರ್ಷ ಲಗ್ನದ ದಿನಗಳು ಬರುವ ಮೊದಲು ಸಾವಕಾರರಿಗಾಗಿ ಜೋಳದ ತೆನೆಯ ಅಂಚೊಂದನ್ನು ಬರೆದುಕೊಟ್ಟಿದ್ದೆ. ಅವರ ಸೀರೆ ಇನ್ನೂ ಪೇಟೆ ಕಂಡಿರಲಿಲ್ಲ. ಅಷ್ಟರಲ್ಲಿ ಅದೇ ತೆನೆ, ಅದೇ ಗರಿ, ಬೇರೆ ಯಾರದೋ ಮಗ್ಗದ ಸೀರೆಯ ಮೇಲೆ ಮುಧೋಳದ ಅಂಗಡಿಯಲ್ಲಿ ತೂಗುತ್ತಿತ್ತು. ಸಾವಕಾರರು ನಮ್ಮ ಹೊಸ್ತಿಲ ಹೊರಗೇ ನಿಂತರು.

"ನಿಮ್ಮ ಮನೀಯಿಂದನ ಹೋಗೇತಿ. ಯಾರ ಕೊಟ್ರು ಅಂತ ಹುಡುಕಿ ಹೇಳ್ರಿ. ಬರೂ ಸೋಮವಾರ ಬರ್ತೀನಿ. ಇಲ್ಲಂದ್ರ ನನ್ನ ಕೆಲಸಾ ರಬಕವಿಗೆ ಹೋಕ್ಕೈತಿ."

ಅವರ ಕೆಲಸ ಒಂದೇ ಹೋದರೆ ತಡೆದುಕೊಳ್ಳಬಹುದಿತ್ತು. ಆದರೆ ಡಿಸೈನ್ ಮಾರುವ ಹೆಂಗಸು ಎಂಬ ಮಾತು ಒಂದು ಮಗ್ಗದಿಂದ ಹೊರಟರೆ ಸಂಜೆಯೊಳಗೆ ಎಲ್ಲ ಮಗ್ಗ ಸುತ್ತಿ ಬರುತ್ತದೆ. ಆಮೇಲೆ ಯಾರೂ ನನ್ನ ಬಾಗಿಲಿಗೆ ಬರುವುದಿಲ್ಲ.

ಕೂತು ವಿಚಾರ ಮಾಡಿದೆ. ಕಳ್ಳ ಯಾರೇ ಇರಲಿ, ನಾನಿಲ್ಲದಾಗ ಬಂದು ಪೆನ್ ಡ್ರೈವ್ ಚುಚ್ಚಿ ಡಿಸೈನ್ ಒಯ್ದಿರಬೇಕು. ಹೊಸಬರು ಅದನ್ನು ಒಂದೇ ಸಲಕ್ಕೆ ಹಾಕುವುದು ಸಾಧ್ಯವಿಲ್ಲ, ದಿನಾ ಮುಟ್ಟಿ ಕೈ ಪಳಗಿರಬೇಕು. ಹಾಗಾದರೆ ಒಂದೇ ಸಲಕ್ಕೆ ಹಾಕಿದವರೇ ಕಳ್ಳರು!

ಮೊದಲ ಸಂಶಯ ಗಂಡನ ಮೇಲೆ. "ರೀ, ನನ್ನ ಕೈ ಹಿಟ್ಟಾಗೇತಿ, ಸ್ವಲ್ಪ ನನ್ನ ಪೆನ್ ಡ್ರೈವ್ ಹಾಕ್ರಿ" ಎಂದು ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಒತ್ತಿದರು, ತಿರುವಿದರು, ಊದಿದರು, ಬೈದರು. ಕಡೆಗೆ "ತೂತ ಸಣ್ಣದಾಗೇತಿ" ಎಂದು ಬಿಟ್ಟೆದ್ದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆ ಖುಷಿಗೆ ಊಟಕ್ಕೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದೆ.

ಅವರು ರೊಟ್ಟಿ ನೋಡಿದರು, ನನ್ನನ್ನು ನೋಡಿದರು, ಕೈ ಹಿಂದೆ ತೆಗೆದುಕೊಂಡರು.

"ಏನ್ ಮಾಡಿಟ್ಟೀ, ಮೊದಲ ಅದನ್ನ ಹೇಳು."

ಎರಡನೆಯ ಸಂಶಯ ಮಗ್ಗುಲ ಮನೆಯಾಕೆಯ ಮೇಲೆ. ಮೊಬೈಲಿಗೆ ಹಾಡು ತುಂಬಿಸಿಕೊಳ್ಳಲು ಬರುವ ಹೆಂಗಸು. "ಅಕ್ಕಾ, ನೀನ ಹಾಕ" ಎಂದು ಪೆನ್ ಡ್ರೈವ್ ಕೊಟ್ಟೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಚುಚ್ಚಿದಳು. ಹೋಗಲಿಲ್ಲ. ತಿರುವಿ ಚುಚ್ಚಿದಳು. ಹೋಗಲಿಲ್ಲ. ಕೈ ಝಾಡಿಸಿ ಎದ್ದಳು.

"ನಿನ್ನ ಮಷಿನ್ನಿಗೂ ನಿನ್ನಂಗ ಆಗೇತಿ ನೋಡ. ಮಂದಿ ಮ್ಯಾಲ ನಂಬಿಗಿ ಇಲ್ಲ."

ಒಂದೇ ಸಲಕ್ಕೆ

ಸೋಮವಾರ ಸಾವಕಾರರು ಬಂದರು. ನನ್ನ ಹತ್ತಿರ ಕಳ್ಳರ ಹೆಸರಿರಲಿಲ್ಲ, ಲೆಕ್ಕ ಮಾತ್ರ ಇತ್ತು. ಅದನ್ನೇ ಹೇಳಿದೆ. "ಸಾವಕಾರ್ರ, ದಿನಾ ಮುಟ್ಟಿದ ಕೈ ಮಾತ್ರ ಇದನ್ನ ಒಂದ ಸಲಕ್ಕ ಹಾಕತೈತಿ. ನಮ್ಮ ಮನ್ಯಾಗ ಅಂಥಾ ಕೈ ಯಾರದೂ ಇಲ್ಲ. ಬೇಕಾದ್ರ ನಿಮ್ಮ ಮುಂದನ ತೋರಸ್ತೀನಿ."

ಮಾದರಿಗೆಂದು ಮೊದಲು ನಾನೇ ನನ್ನ ಪೆನ್ ಡ್ರೈವ್ ಹಾಕಲು ಹೋದೆ. ನೋಡುವವರಿದ್ದರೆ ಇನ್ನೂ ಹಟ ಮಾಡುತ್ತದೆ. ತಿರುವಿ ತಿರುವಿ ಬೆವರಿದೆ. ನಮ್ಮವರು ಹಾಕಿದರು, ಹೋಗಲಿಲ್ಲ. ಸಾವಕಾರರೇ ಹಾಕಿದರು, ಹೋಗಲಿಲ್ಲ.

ಅಷ್ಟರಲ್ಲಿ ಅತ್ತೆ ಚಹಾ ತಂದರು. ಎಲ್ಲರೂ ಕಂಪ್ಯೂಟರಿನ ಡಬ್ಬಿಯ ಮುಂದೆ ಬಗ್ಗಿ ನಿಂತದ್ದನ್ನು ನೋಡಿ, ತಾಟು ಕೆಳಗಿಟ್ಟು, "ತಾ ಇಲ್ಲಿ" ಎಂದು ಕಸಿದುಕೊಂಡು ಚುಚ್ಚಿದರು. ಸುಮ್ಮನೆ ಒಳಗೆ ಹೋಗಿ ಕೂತಿತು. ಅದರ ದೀಪವೂ ಹತ್ತಿತು.

ಚಹಾದ ಮೇಲೆ ಕೆನೆ ಕಟ್ಟುವುದು ಕಾಣುತ್ತಿತ್ತು. ನನ್ನ ಲೆಕ್ಕ ನನ್ನ ಅತ್ತೆಯ ಕೊರಳಿಗೇ ಬಿದ್ದಿತ್ತು.

"ಅತ್ತೀ, ನೀವು ಇದನ್ನ ಎಂದರ ಮುಟ್ಟೀರೇನ್ರಿ?" ಎಂದೆ.

"ನಾ ಯಾಕ ಮುಟ್ಟಲಿ ಬೇ? ಮಹಾನವಮಿ ದಿನ ಪೂಜಿ ಮಾಡಿದ್ನಿ, ಅವತ್ತ ಮುಟ್ಟಿದ್ದು. ಡಬ್ಬಿಗೂ ಕುಂಕುಮ ಹಚ್ಚೀನಿ, ಈ ಕಡ್ಡಿಗೂ ಹಚ್ಚೀನಿ. ಕುಂಕುಮ ಹಚ್ಚಿದ ಮಾರಿ ಮ್ಯಾಲಿರಬೇಕೋ, ಕೆಳಗಿರಬೇಕೋ? ದೇವರ ಫೋಟೋ ಉಲ್ಟಾ ಇಡ್ತಾರೇನು?"

ನೋಡಿದರೆ ಹೌದು, ಪೆನ್ ಡ್ರೈವಿನ ಒಂದು ಮಗ್ಗಲಿಗೆ ಕೆಂಪು ಬೊಟ್ಟು. ಮಗಳು ಬಣ್ಣ ಮೆತ್ತಿದ್ದಾಳೆಂದು ನಾನು ಅವಳಿಗೆ ಬೈದಿದ್ದೆ.

ಸಾವಕಾರರು ಅಷ್ಟಕ್ಕೆ ಬಿಡಲಿಲ್ಲ. "ಅದಿರ್ಲಿ ಯವ್ವಾ, ನನ್ನ ಅಂಚು ಹೊರಗ ಹೋಗಿದ್ದು ಹೆಂಗ?"

"ಅದನ್ನ ನಿಮ್ಮ ಮನಿಯವರನ್ನ ಕೇಳ್ರಿ" ಎಂದರು ಅತ್ತೆ, ಚಹಾದ ಬಸಿ ಮುಂದೆ ಸರಿಸುತ್ತ. "ಲೋಕಾಪುರದ ಲಗ್ನದಾಗ ಆ ಅಂಚಿನ ಮೊದಲನೇ ಸೀರಿ ಅವರ ಉಟ್ಕೊಂಡಿದ್ರು. ಇಂಥಾದ್ದು ಇನ್ನೂ ಪ್ಯಾಟ್ಯಾಗ ಬಂದಿಲ್ಲ ಅಂತ ಪಂಕ್ತಿ ತುಂಬ ಸೆರಗ ಹಿಡದ ತೋರಿಸಿದ್ರು. ಮುಧೋಳದಾಕಿ ಒಬ್ಬಾಕಿ ಅಂಚು ತಿರುವಿ ತಿರುವಿ ನೋಡಿ ಮೊಬೈಲದಾಗ ಫೋಟೋ ಹೊಡಕೊಂಡ್ಲು. ನಾ ಎದುರಿಗೇ ಹೋಳಿಗಿ ಉಣ್ಣಾಕತ್ತಿದ್ನಿ."

"ಇದನ್ನ ಮೊದಲ ಯಾಕ ಹೇಳಲಿಲ್ಲ ನೀವು?" ಎಂದು ನಾನು, ನಮ್ಮವರು, ಸಾವಕಾರರು ಕೂಡಿಯೇ ಕೇಳಿದೆವು.

"ನನ್ನ ಯಾರರ ಕೇಳೀರೇನು?"

ಸಾವಕಾರರು ಚಹಾ ಕುಡಿದರು. ಕೆನೆ ಮೀಸೆಗೆ ಹತ್ತಿತು, ಒರೆಸಿಕೊಳ್ಳಲಿಲ್ಲ. ಕಿಸೆಯಿಂದ ತಮ್ಮ ಪೆನ್ ಡ್ರೈವ್ ತೆಗೆದು, "ಹೊಸಾ ಸೆರಗ ಒಂದ ಬೇಕಾಗೇತಿ" ಎಂದು ಮೇಜಿನ ಮೇಲಿಟ್ಟರು. ಕೆಲಸ ಉಳಿಯಿತೆಂದು ನಾನು ಉಸಿರು ಬಿಟ್ಟೆ. ಆದರೆ ಹೆಂಡತಿಯಿಂದಾಗಿ ಸೋತ ಗಂಡಸು ಬರಿಗೈಯಲ್ಲಿ ಹೋಗುತ್ತಾನೆಯೇ? ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ನಿಂತು ಒಂದು ಮಾತು ಕೇಳಿದರು. ನಮ್ಮವರು ನನ್ನ ಮುಖ ನೋಡಿದರು, ಅತ್ತೆಯೂ ನೋಡಿದರು.

"ತಂಗಿ, ನೀ ಹೇಳಿದ ಲೆಕ್ಕಾನ ಹಿಡಿಯೂಣು. ದಿನಾ ಮುಟ್ಟಿದ ಕೈ ಒಂದ ಸಲಕ್ಕ ಹಾಕತೈತಿ ಅಂದಿ. ನಿಮ್ಮ ಅತ್ತಿ ಒಂದ ಸಲಕ್ಕ ಹಾಕಿದ್ರು. ನಿನಗ ಎಷ್ಟ ತಿರುವಿದ್ರೂ ಆಗಲಿಲ್ಲ. ಹಂಗಾರ ಇಷ್ಟ ದಿನಾ ನಮ್ಮ ಸೀರಿಗೆ ಡಿಸೈನ್ ಬರದಾಕಿ ಖರೆ ಯಾರು?"