ದಾಸವಾಳದ ಕೆಂಪು, ಮೆಣಸಿನಕಾಯಿ ಕೆಂಪು

"ನಾಳೆ ಮನೆಗೆ ಬರಾಕೆ ದಾಸವಾಳದ ಕೆಂಪಿನ ಸೀರೆ ತಗಂಬಾ. ಮೆಣಸಿನಕಾಯಿ ಕೆಂಪು ತಂದ್ಬುಟ್ಟೀಯ ಮತ್ತೆ."

ರಾಮನಗರದ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ನನಗೆ ಹೇಳಿದ ಕೊನೆ ಮಾತು ಇದು. ಕೆಂಪಿನ ವಿಷಯದಲ್ಲಿ ನಾನು ಎಡವುತ್ತಲೇ ಇದ್ದೆ, ಅವಳು ಬೈಯುತ್ತಲೇ ಇದ್ದಳು. ಈಗ ಕೂರ್ತೀನಿ, ಏಳ್ತೀನಿ. ಕೈ ಸುಮ್ಮನಿರೋದಿಲ್ಲ. ಅದಕ್ಕೇ ಬರೀತಿದ್ದೀನಿ.

ಭರಣಿ

ಚನ್ನಪಟ್ಟಣದಲ್ಲಿ ನಮ್ಮದು ಬೊಂಬೆ ಕೆಲಸ. ಅವಳು ಕೆಂಡದ ಮೇಲೆ ಅರಗು ಕಾಸಿ ಬಣ್ಣ ಕಲಸೋಳು. ನಾನು ಲೇತ್‌ನಲ್ಲಿ ತಿರುಗೋ ಮರದ ತುಂಡಿಗೆ ಅದನ್ನು ಒತ್ತೋನು. ಬಣ್ಣಕ್ಕೆಲ್ಲ ಅವಳೇ ಹೆಸರಿಟ್ಟಿದ್ದಳು. ಕುಂಕುಮ, ಇಟ್ಟಿಗೆ, ದಾಸವಾಳ, ಮೆಣಸಿನಕಾಯಿ. ನನಗೆ ಎಲ್ಲಾ ಕೆಂಪು.

ಒಂದು ಸಲ ಕುಂಕುಮದ ಭರಣಿಗಳಿಗೆ ತಳ ಒಂದು ಕೆಂಪು, ಮುಚ್ಚಳ ಒಂದು ಕೆಂಪು ಒತ್ತಿಬಿಟ್ಟೆ.

"ಏನ್ಲಾ, ಯಾರದೋ ತಲೆ ಯಾರಿಗೋ ಇಟ್ಟಿದ್ದೀಯ?" ಅಂದ ನಮ್ಮ ಹತ್ತಿರ ಮಾಲು ಕೊಳ್ಳೋ ಅಂಗಡಿಯವನು. ಬೈಕೊಂಡೇ ತಗೊಂಡು ಹೋದ. ವಾರಕ್ಕೆ ವಾಪಸ್ ಬಂದ. "ಎಲ್ಲಾ ಖರ್ಚಾಗೋಯ್ತು ಕಣಕ್ಕ, ಇನ್ನೂ ಅಂಥವೇ ಬೇಕು."

ಅವಳು ನನ್ನ ಕಡೆ ಕೈ ತೋರಿಸಿದಳು. "ಅಂಗೆ ಕೆಡ್ಸಾಕೆ ನಂಗೆ ಬರಾಕಿಲ್ಲ ಕಣಣ್ಣ. ಅವರ್ನೇ ಕೇಳು."

ಬಸ್ಸು

ಇನ್ನೊಂದು ಸಲ, ಕಬ್ಬಾಳಮ್ಮನ ಗುಡಿಗೆ ಉಟ್ಟು ಹೋಗೋಕೆ ದಾಸವಾಳದ ಕೆಂಪಿನ ಸೀರೆ ತಾ ಅಂದಳು. ಕನಕಪುರದ ಅಂಗಡಿಯವನು, "ಲೈಟಲ್ಲಿ ಗೊತ್ತಾಗಲ್ಲ, ಬಿಸಿಲಲ್ಲಿ ನೋಡಿ" ಅಂದ. ಹೊರಗೆ ಬಂದೆ. ಬಜಾರಲ್ಲಿ ದಾಸವಾಳ ಎಲ್ಲಿ? ಕೆಂಪು ಬಸ್ಸೊಂದು ನಿಂತಿತ್ತು. ಅದಕ್ಕೇ ಹಿಡಿದು ನೋಡಿದೆ. ಸರಿ ಹೋಯ್ತು. ತಂದೆ.

"ಇದನ್ನ ಉಟ್ಕಂಡು ರೋಡಲ್ಲಿ ನಿಂತ್ರೆ ಜನ ಕೈ ಅಡ್ಡ ಹಾಕಿ ಹತ್ಬುಡ್ತಾರೆ!" ಅಂದಳು. ಆಮೇಲೆ ತಾನೇ ಹೋಗಿ ಬೇರೆ ತಂದಳು.

ಗಿಡ

ಆಸ್ಪತ್ರೆಯಲ್ಲಿ ಅವಳು ಸೀರೆ ತಾ ಅಂದ ಮಾರನೆ ದಿನ, ಬೆಳಗಿನ ಜಾವ ಅಲ್ಲಿಂದ ಫೋನ್ ಬಂತು. ಅವಳು ಹೋಗಿಬಿಟ್ಟಿದ್ದಳು.

ಬೆಳಕು ಹರಿಯೋ ಹೊತ್ತಿಗೆ ಅವಳನ್ನ ಮನೆಗೆ ತಂದ ಮೇಲೆ, ಉಡಿಸೋಕೆ ಸೀರೆ ತೆಗಿ ಅಂದಳು ನಾದಿನಿ. ಬೀರು ತೆಗೆದೆ. ಎಲ್ಲಾ ಕೆಂಪು.

"ಯಾವ್ದೋ ಒಂದು ಕೊಡು ಭಾವ."

"ಯಾವ್ದೋ ಒಂದು ಅಂತ ಅವಳ ಮುಂದೆ ಅನ್ಬ್ಯಾಡ ಕಣವ್ವ."

ಕೆಂಪಿನವನ್ನೆಲ್ಲ ಹೆಗಲಿಗೆ ಹಾಕಿಕೊಂಡು ಹಿಂದಿನ ಮನೆ ದಾಸವಾಳದ ಗಿಡದ ಹತ್ತಿರ ಓಡಿದೆ. ಒಂದೊಂದೇ ಸೆರಗು ಹೂವಿಗೆ ಹಿಡಿದೆ. ಆ ಮನೆ ಮುದುಕ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಆಚೆ ಬಂದ. ಅವನಿಗಿನ್ನೂ ವಿಷಯ ಗೊತ್ತಿರಲಿಲ್ಲ.

"ಏನ್ಲಾ, ನನ್ ಗಿಡಕ್ಕೆ ಸೀರೆ ಉಡಿಸ್ತಿದ್ದೀಯಾ?"

ಹೇಳಿದೆ. ಅವನು ಬಾಯಿ ಮುಕ್ಕಳಿಸಿ, ಕನ್ನಡಕ ಹಾಕಿಕೊಂಡು ಬಂದ. ಕಣ್ಣು ಒರೆಸಿಕೊಂಡ. "ಅದ್ ಬುಡ್ಲಾ, ಅದು ಮೆಣಸಿನಕಾಯಿ" ಅಂದ. ಅವಳಿಟ್ಟ ಹೆಸರು ಬೀದಿಗೆಲ್ಲ ಬಾಯಿಪಾಠ. ನನಗೊಬ್ಬನಿಗೆ ಇಲ್ಲ. ಕೊನೆಗೆ ಒಂದು ಸೀರೆ ಹೊಂದಿತು.

ನಾದಿನಿ ಅದನ್ನೇ ಉಡಿಸಿದಳು. ನಾನು ಎದುರಿಗೆ ನಿಂತು ಒಸಿ ಹೊತ್ತು ಕಾದೆ.

ಬೈಲಿಲ್ಲ. ಸರಿಯಾದ್ದೇ ಇರಬೇಕು.