ನಿಂತ ಕಣ್ಣು, ನಿಲ್ಲದ ಬಾಯಿ

ಕಣ್ಣಿನ ಬಗ್ಗೆ ಏನೂ ತಿಳಿಯದೆ ತೀರ್ಪು ಕೊಡುವವರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ, ವಾರಕ್ಕೊಬ್ಬರಾದರೂ ಎದುರಾಗುತ್ತಾರೆ. ನನ್ನ ತಂಗಿಗೆ ಕಾಲೇಜಿನಲ್ಲಿದ್ದಾಗ ಕೆರಟೋಕೋನಸ್ ಬಂತು. ಕಣ್ಣಿನ ಮುಂದಿನ ಪಾರದರ್ಶಕ ಪದರ ತೆಳುವಾಗಿ ಮೊನೆಯಂತೆ ಉಬ್ಬುವ ರೋಗ; ಕಣ್ಣು ತಿಕ್ಕಿದಷ್ಟೂ ಬೆಳೆಯುತ್ತದೆ, ನಂಬರ್ ಬದಲಾಗುತ್ತಲೇ ಇರುತ್ತದೆ. ಬೀದರದಲ್ಲಿ ಹನಿ ಹಾಕಿ, ಬೆಳಕು ಬಿಟ್ಟು ಆ ಪದರ ಗಟ್ಟಿ ಮಾಡಿದರು. ಕ್ರಾಸ್‌ಲಿಂಕಿಂಗ್ ಅಂತ ಹೆಸರು. ರೋಗ ನಿಂತಿತು, ಕನ್ನಡಕ, ನಮ್ಮ ಕಡೆಯ ಮಾತಿನಲ್ಲಿ ಚಾಳೀಸು, ಉಳಿಯಿತು. ಇಷ್ಟು ವರ್ಷವಾದರೂ ಊರಿಗೆ ಕನ್ನಡಕವೇ ಕಾಣುತ್ತದೆ. ಕಣ್ಣು ಕೆಟ್ಟ ಹುಡುಗಿ ಅಂತ ಹೆಸರಿಟ್ಟು, ಬಂದ ಸಂಬಂಧಗಳನ್ನೆಲ್ಲ ತಿರುಗಿಸಿ ಕಳಿಸುತ್ತದೆ.

ಗೋಡೆ

ಸಾಯಗಾಂವದ ಸೋದರಮಾವ ಕೇಳಿದ: "ಚಾಳೀಸು ಹೋಗ್ಲಿಲ್ಲಂದ್ರ ಯಾಕ ಮಾಡ್ಸಿದ್ರಿ?"

ಬೀಳುತ್ತಿದ್ದ ನಿನ್ನ ಗೋಡೆಗೆ ಆಸರೆ ಕೊಟ್ಟೆಯಲ್ಲ, ಅದು ಬಂಗಲೆಯಾಯಿತೇ ಅಂದೆ. ಬಹಳ ಹೊತ್ತು ಯೋಚಿಸಿ ಮಾವ ಹೇಳಿದ: "ಗ್ವಾಡಿಗಿ ನಾ ಚಾಳೀಸು ಹಾಕಿಲ್ಲಲ್ಲ."

ಹಾರ

ಔರಾದದಲ್ಲಿ ಒಬ್ಬ ಪುಢಾರಿ ಉಚಿತ ನೇತ್ರ ಶಿಬಿರ ಇಟ್ಟ. ತಂಗಿಯ ಚಿಕಿತ್ಸೆಗೂ ಅವನಿಗೂ ಸಂಬಂಧವೇ ಇಲ್ಲ. ಆದರೂ ಕಣ್ಣು ಮರಳಿ ಬಂದ ಹುಡುಗಿ ಅಂತ ವೇದಿಕೆಗೆ ಕರೆದ. ಫೋಟೊ ಚಂದ ಬರಬೇಕು, ಚಾಳೀಸು ತೆಗಿ ಅಂದ. ತೆಗೆದಳು. ಪುಢಾರಿಗೆ ಹಾಕಬೇಕಿದ್ದ ಹಾರವನ್ನು ಪಕ್ಕದಲ್ಲಿ ಮೈಕ್ ಸರಿಮಾಡುತ್ತಿದ್ದವನ ಕೊರಳಿಗೆ ಹಾಕಿದಳು. ತಪ್ಪೇನಿಲ್ಲ. ಆವತ್ತು ವೇದಿಕೆಯ ಮೇಲೆ ಕೆಲಸ ಮಾಡಿದವನು ಅವನೊಬ್ಬನೇ.

ಬದಲಾವಣೆ

ವರ್ಷಕ್ಕೊಮ್ಮೆ ತಪಾಸಣೆ. ಡಾಕ್ಟರು ಹಳೆಯ ಸ್ಕ್ಯಾನು, ಹೊಸ ಸ್ಕ್ಯಾನು ಪಕ್ಕದಲ್ಲಿಟ್ಟು, ಏನೂ ಬದಲಾಗಿಲ್ಲ ಅನ್ನುತ್ತಾರೆ. ನಾನು ಕೈ ಮುಗಿದು ಬರುತ್ತೇನೆ. ಇದೇ ಮಾತನ್ನು ತಹಶೀಲ್ ಕಚೇರಿಯಲ್ಲಿ ಕೇಳಿದ್ದರೆ ಬಾಗಿಲಿಗೆ ಅಡ್ಡ ಕೂತಿರುತ್ತಿದ್ದೆ.

ಹೆಣ್ಣು ನೋಡಲು ಬಂದವರು

ಹೋದ ತಿಂಗಳು ಕಮಲನಗರದವರು ಭಾಲ್ಕಿಗೆ, ನಮ್ಮ ಮನೆಗೆ ಬಂದರು. ಹುಡುಗನ ಚಿಕ್ಕಮ್ಮ ಚಹಾ ಕುಡಿಯುತ್ತಲೇ ಶುರು ಮಾಡಿದಳು: ಮುಂದೆ ಕಣ್ಣು ಹೋದರೆ ನಮ್ಮ ಹುಡುಗನ ಗತಿಯೇನು? ಆ ಹುಡುಗ ಬಂದಾಗಿನಿಂದ ತನ್ನ ಕನ್ನಡಕ ಹಣೆಗೇರಿಸಿ, ಬೆರಳ ಗೆಣ್ಣಿನಿಂದ ಎರಡೂ ಕಣ್ಣು ತಿಕ್ಕುತ್ತಲೇ ಕೂತಿದ್ದ. ನನ್ನ ನಾಲಿಗೆ ತುದಿಗೆ ಬೈಗುಳ ಬಂದಿತ್ತು. ಅಷ್ಟರಲ್ಲಿ ತಂಗಿಯೇ ಅವನನ್ನು ಕೇಳಿದಳು:

"ಹಿಂಗ ಯಾವಾಗಿಂದ ತಿಕ್ತೀರಿ?"

"ಸಣ್ಣಾವ ಇದ್ದಾಗಿಂದರಿ."

"ಚಾಳೀಸಿನ ನಂಬರ್?"

"ಆರು ತಿಂಗಳಿಗೊಮ್ಮಿ ಬದಲಾಗ್ತದರಿ," ಅಂದ ಪಾಪದವನು.

ಚಿಕ್ಕಮ್ಮ ದಡಕ್ಕನೆ ಎದ್ದಳು. ವಿಚಾರ ಮಾಡಿ ಹೇಳುತ್ತೇವೆ ಅಂದಳು.

"ಬ್ಯಾಡ ಕಾಕು," ಅಂದಳು ತಂಗಿ. "ನನ್ನ ಕಣ್ಣು ನಿಂತು ವರ್ಷಗಳಾದ್ವು. ನಿಮ್ಮ ಹುಡುಗಂದು ಇನ್ನಾ ಓಡ್ಲಾಕತ್ತದ. ಮೊದಲ ಬೀದರಕ್ಕ ಹೋಗಿ ಸ್ಕ್ಯಾನ್ ಮಾಡಿಸ್ಕೊಂಡು ಬರ್ರಿ. ಅದನ್ನ ನೋಡಿ ನಾವು ವಿಚಾರ ಮಾಡಿ ಹೇಳ್ತೇವ್ರಿ."